ಹಳೆಯ ಸರ್ವರ್, ಹೊಸ ಗಣಕ: ಮಾತು ಎಲ್ಲಿ ನಿಂತಿತು?



ಗಣಕಗಳನ್ನು ಕುರಿತ ಈ ಮಾಲಿಕೆಯಲ್ಲಿ ಇಂದು ನಾವು ಕಲಿಯಲಿರುವುದು ತೊಂದರೆಯನ್ನು ಹುಡುಕುವ ವಿದ್ಯೆ. ಒಂದು ಗಣಕದಿಂದ ಇನ್ನೊಂದಕ್ಕೆ ಕಡತಗಳನ್ನು ಸುರಕ್ಷಿತವಾಗಿ ಸಾಗಿಸಬೇಕಾಗಿದೆ. ಆದರೆ ಸಂಪರ್ಕ ಏರ್ಪಡುತ್ತಿಲ್ಲ. ಇತ್ತ ಇರುವುದು ಹೊಸ ಗಣಕ, ಅತ್ತ ಇರುವುದು ಹಳೆಯ ಯುನಿಕ್ಸ್ ಸರ್ವರ್. ಆಗ ಏನು ಮಾಡಬೇಕು? ಪರದೆಯ ಮೇಲೆ ನೋಡಿದ್ದು ಬೇಗ ಸರಿದುಹೋಗುತ್ತದೆ. ಆದ್ದರಿಂದ ಇಲ್ಲಿ ಒಂದೊಂದೇ ಹೆಜ್ಜೆಯಾಗಿ ಬರೆದಿದ್ದೇನೆ. ನಿಧಾನವಾಗಿ ಓದಿ, ಸಾಧ್ಯವಾದರೆ ಗಣಕದ ಮುಂದೆ ಕುಳಿತು ಓದಿ.

ಅನುಕೂಲಕ್ಕಾಗಿ ಒಂದು ಉದಾಹರಣೆ ಇಟ್ಟುಕೊಳ್ಳೋಣ. ನಿಮ್ಮ ಕಾಲೇಜಿನ ಭೌತವಿಜ್ಞಾನ ವಿಭಾಗದಲ್ಲಿ ಒಂದು ಮಳೆಮಾಪಕವಿದೆ ಎನ್ನಿ. ಪ್ರತಿದಿನ ಬೆಳಿಗ್ಗೆ 8.30ಕ್ಕೆ ಅಳೆದ ಮಳೆಯ ಲೆಕ್ಕವನ್ನು ವರ್ಷಗಟ್ಟಲೆ ಒಂದು ಸೊಲಾರಿಸ್ 10 ಸರ್ವರ್‌ನಲ್ಲಿ ತುಂಬಿಟ್ಟಿದ್ದಾರೆ. ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆ 2005ರಲ್ಲಿ ಹೊರತಂದ ಯುನಿಕ್ಸ್ ಅದು. ಈಗ ಆ ಯಂತ್ರದ ಡಿಸ್ಕ್ ಸದ್ದು ಮಾಡತೊಡಗಿದೆ. ಅದು ನಿಲ್ಲುವ ಮೊದಲು ಲೆಕ್ಕವನ್ನೆಲ್ಲ ಹೊರತೆಗೆಯಬೇಕು. ಬೇರೆಲ್ಲೂ ಅದರ ಪ್ರತಿ ಇಲ್ಲ. ನಿನ್ನೆ ಬಿದ್ದ ಮಳೆಯನ್ನು ಇನ್ನೊಮ್ಮೆ ಅಳೆಯಲು ಯಾರಿಂದಲೂ ಸಾಧ್ಯವಿಲ್ಲ, ಅಲ್ಲವೇ?

ಇಂಥ ಹೊತ್ತಿನಲ್ಲಿ ಯಾರಾದರೊಬ್ಬರು ಹೇಳುವ ಮಾತು ಇದು: "ಅಷ್ಟೆಲ್ಲ ಯಾಕೆ? ಹಳೆಯ ಎಫ್‌ಟಿಪಿಯನ್ನೇ ತೆರೆದುಬಿಡೋಣ. ಎರಡು ನಿಮಿಷದ ಕೆಲಸ." ಈ ಮಾತಿಗೆ ಉತ್ತರ ಕೊಡಬೇಕಾದರೆ ಸ್ವಲ್ಪ ಇತಿಹಾಸ ತಿಳಿದಿರಬೇಕು.

ಎಫ್‌ಟಿಪಿ ಎಂಬ ಕಡತ ಸಾಗಣೆಯ ನಿಯಮಾವಳಿಯ ಮೊದಲ ರೂಪವನ್ನು 1971ರಲ್ಲಿ ಬರೆದವರು ನಮ್ಮ ದೇಶದವರೇ ಆದ ಅಭಯ್ ಭೂಷಣ್. ಕಾನ್ಪುರದ ಐಐಟಿಯಲ್ಲಿ ಓದಿ, ಅಮೆರಿಕದ ಎಂಐಟಿಗೆ ಹೋಗಿದ್ದ ತರುಣ. ಆಗಿನ ಜಾಲದಲ್ಲಿ ಇದ್ದದ್ದು ಕೆಲವೇ ಗಣಕಗಳು. ಬಳಸುತ್ತಿದ್ದವರು ಪರಸ್ಪರ ಪರಿಚಿತರು. ಹೀಗಾಗಿ ಹೆಸರು, ಪಾಸ್‌ವರ್ಡ್, ಕಡತ ಎಲ್ಲವೂ ತಂತಿಯ ಮೇಲೆ ತೆರೆದ ಅಂಚೆಕಾರ್ಡಿನಂತೆ ಹೋಗುತ್ತಿದ್ದವು. ದಾರಿಯಲ್ಲಿ ಕುಳಿತವನು ಓದಿಕೊಳ್ಳಬಹುದಾಗಿತ್ತು.

ಜಾಲ ಬೆಳೆದಂತೆ ಹಾಗೆ ಓದುವವರೂ ಹುಟ್ಟಿಕೊಂಡರು. 1995ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಪಾಸ್‌ವರ್ಡುಗಳನ್ನು ಕದ್ದು ಕೇಳುವ ಕೃತ್ಯ ಬೆಳಕಿಗೆ ಬಂತು. ಅಲ್ಲಿನ ಸಂಶೋಧಕ ತಾತು ಯುಲೋನೆನ್ ಅದಕ್ಕೆ ಉತ್ತರವಾಗಿ ಎಸ್‌ಎಸ್‌ಎಚ್ ಎಂಬ ತಂತ್ರಾಂಶವನ್ನು ಬರೆದು ಅದೇ ವರ್ಷ ಹಂಚಿದರು. ಎಫ್‌ಟಿಪಿಯ ಪೋರ್ಟ್ ಸಂಖ್ಯೆ 21, ಟೆಲ್‌ನೆಟ್‌ನದು 23. ಅವೆರಡರ ಸ್ಥಾನವನ್ನೂ ತುಂಬಬೇಕಾದ ತಮ್ಮ ತಂತ್ರಾಂಶಕ್ಕೆ ಅವರು ನಡುವೆ ಖಾಲಿ ಇದ್ದ 22ನ್ನು ಕೇಳಿ ಪಡೆದರು. 1999ರಲ್ಲಿ ಓಪನ್‌ಬಿಎಸ್‌ಡಿ ಬಳಗ ಓಪನ್‌ಎಸ್‌ಎಸ್‌ಎಚ್ ಎಂಬ ಮುಕ್ತ ತಂತ್ರಾಂಶವನ್ನು ಹೊರತಂದಿತು. ಇಂದು ಬಹುತೇಕ ಲಿನಕ್ಸ್ ಮತ್ತು ಮ್ಯಾಕ್ ಗಣಕಗಳಲ್ಲಿ ಇರುವುದು ಅದೇ.

ಇಲ್ಲಿ ಒಂದು ಗೊಂದಲವನ್ನು ಬಿಡಿಸಿಕೊಳ್ಳಬೇಕು. ಎಸ್‌ಎಫ್‌ಟಿಪಿ ಎಂದರೆ ಎಫ್‌ಟಿಪಿಗೆ ಬೀಗ ಹಾಕಿದ್ದು ಎಂದು ಹಲವರು ತಿಳಿಯುತ್ತಾರೆ. ಹಾಗಲ್ಲ. ಅದು ಎಸ್‌ಎಸ್‌ಎಚ್ ಸಂಪರ್ಕದ ಒಳಗೆ ನಡೆಯುವ ಬೇರೆಯೇ ನಿಯಮಾವಳಿ. ಮೊದಲು ಎಸ್‌ಎಸ್‌ಎಚ್ ದಾರಿ ತೆರೆಯಬೇಕು. ಆಮೇಲೆ ಅದರೊಳಗೆ ಕಡತದ ಮಾತು. ಆದ್ದರಿಂದ ಎಸ್‌ಎಫ್‌ಟಿಪಿ ಕೈಕೊಟ್ಟಾಗ ಹುಡುಕಾಟ ಎಸ್‌ಎಸ್‌ಎಚ್‌ನಿಂದಲೇ ಆರಂಭವಾಗಬೇಕು.

ನನ್ನ ವೃತ್ತಿಯಿಂದ ಒಂದು ಹೋಲಿಕೆ ಹೇಳುತ್ತೇನೆ. ಸ್ಟುಡಿಯೋದಲ್ಲಿ ಚಿತ್ರ ಬರುತ್ತಿದೆ, ಧ್ವನಿ ಬರುತ್ತಿಲ್ಲ ಎಂದಾಗ ನಾವು ಇದ್ದಬದ್ದ ಗುಂಡಿಗಳನ್ನೆಲ್ಲ ಒತ್ತುವುದಿಲ್ಲ. ಮೈಕ್, ಕೇಬಲ್, ಮಿಕ್ಸರ್, ರೆಕಾರ್ಡರ್ ಎಂದು ಒಂದು ತುದಿಯಿಂದ ಹಿಡಿದು ಧ್ವನಿ ಎಲ್ಲಿಯವರೆಗೆ ಬಂದಿದೆ ಎಂದು ನೋಡುತ್ತೇವೆ. ಎಲ್ಲಿ ನಿಂತಿದೆಯೋ ಅಲ್ಲಿ ಮಾತ್ರ ಕೈ ಹಾಕುತ್ತೇವೆ. ಗಣಕಗಳ ಸಂಪರ್ಕವೂ ಹೀಗೆಯೇ ಹಂತಹಂತವಾದ ಸಂಭಾಷಣೆ. ಇದರಲ್ಲಿ ಆರು ಹಂತಗಳಿವೆ ಎನ್ನಬಹುದು. ತಲುಪುವುದು, ಭಾಷೆ ಒಪ್ಪಿಕೊಳ್ಳುವುದು, ಸರ್ವರ್‌ನ ಗುರುತು ನೋಡುವುದು, ನಮ್ಮ ಗುರುತು ತೋರಿಸುವುದು, ಕಡತಸೇವೆ ಆರಂಭವಾಗುವುದು, ಕಡತ ಬರುವುದು.

ಆದೇಶದಲ್ಲಿ ಅಡ್ಡಗೆರೆಯ ಜೊತೆಗೆ 'ವಿ' ಅಕ್ಷರ ಸೇರಿಸಿದರೆ ಓಪನ್‌ಎಸ್‌ಎಸ್‌ಎಚ್ ತಾನು ಮಾಡುತ್ತಿರುವುದನ್ನೆಲ್ಲ ಸಾಲುಸಾಲಾಗಿ ವರದಿ ಮಾಡುತ್ತದೆ. ಮೂರು 'ವಿ'ಗಳವರೆಗೆ ಹಾಕಬಹುದು, ವರದಿ ಅಷ್ಟಷ್ಟು ವಿವರವಾಗುತ್ತದೆ. ಕೊನೆಯ ಸಾಲನ್ನಷ್ಟೇ ನೋಡಬೇಡಿ. ಮೊದಲಿನಿಂದ ಓದಿ, ಯಾವ ಹಂತ ದಾಟಿದೆ ಎಂದು ಗುರುತು ಹಾಕಿಕೊಳ್ಳಿ.

ಮೊದಲನೆಯ ಹಂತ, ತಲುಪುವುದು. 'ಕನೆಕ್ಷನ್ ರೆಫ್ಯೂಸ್ಡ್' ಎಂಬ ಉತ್ತರ ಬಂದರೆ ಬೇಸರಪಡಬೇಡಿ. ಬಾಗಿಲು ತಟ್ಟಿದಾಗ ಒಳಗಿನಿಂದ ಯಾರೋ "ಇಲ್ಲ" ಎಂದರೂ ಮನೆಯಲ್ಲಿ ಜನರಿದ್ದಾರೆ ಎಂದಾಯಿತು. ಸಾಮಾನ್ಯವಾಗಿ ಇದರ ಅರ್ಥ, ಯಂತ್ರ ಜೀವಂತವಾಗಿದೆ, ಆದರೆ 22ನೆಯ ಪೋರ್ಟಿನಲ್ಲಿ ಎಸ್‌ಎಸ್‌ಎಚ್ ಸೇವೆ ನಡೆಯುತ್ತಿಲ್ಲ. 'ಕನೆಕ್ಷನ್ ಟೈಮ್ಡ್ ಔಟ್' ಎಂದು ಬಂದರೆ ಉತ್ತರವೇ ಇಲ್ಲ ಎಂದರ್ಥ. ಯಂತ್ರ ಆರಿರಬಹುದು, ವಿಳಾಸ ತಪ್ಪಿರಬಹುದು, ಇಲ್ಲವೇ ನಡುವಿನ ಫೈರ್‌ವಾಲ್ ನಮ್ಮ ಕರೆಯನ್ನು ಸದ್ದಿಲ್ಲದೆ ಬಿಸುಟಿರಬಹುದು.

ತಲುಪಿದ ಕೂಡಲೇ ಎರಡೂ ಯಂತ್ರಗಳು ತಮ್ಮ ಪರಿಚಯ ಹೇಳಿಕೊಳ್ಳುತ್ತವೆ. ಅದರಲ್ಲಿ ನಿಯಮಾವಳಿಯ ಆವೃತ್ತಿ ಇರುತ್ತದೆ. 2.0 ಎಂದಿದ್ದರೆ ಒಳ್ಳೆಯದು. 1.99 ಎಂದಿದ್ದರೆ ಆ ಸರ್ವರ್‌ಗೆ ಹಳೆಯದೂ ಹೊಸದೂ ಎರಡೂ ಗೊತ್ತು. 1.5 ಎಂದಿದ್ದರೆ ಅದಕ್ಕೆ ಮೊದಲ ಆವೃತ್ತಿಯಷ್ಟೇ ಗೊತ್ತು. ಓಪನ್‌ಎಸ್‌ಎಸ್‌ಎಚ್ 2017ರ 7.6 ಆವೃತ್ತಿಯಲ್ಲಿ ಅದನ್ನು ಪೂರ್ತಿಯಾಗಿ ಕೈಬಿಟ್ಟಿದೆ.

ಎರಡನೆಯ ಹಂತವೇ ಹಳೆಯ ಸರ್ವರ್‌ಗಳ ಮುಖ್ಯ ತೊಡಕು. ಗುಟ್ಟಾಗಿ ಮಾತಾಡಲು ಯಾವ ಗಣಿತವಿಧಾನ ಬಳಸೋಣ ಎಂದು ಎರಡೂ ಕಡೆಯವರು ತಮ್ಮ ತಮ್ಮ ಪಟ್ಟಿ ಮುಂದಿಡುತ್ತಾರೆ. ಎರಡೂ ಪಟ್ಟಿಗಳಲ್ಲಿ ಸಮಾನವಾದದ್ದು ಒಂದೂ ಇಲ್ಲದಿದ್ದರೆ 'ನೋ ಮ್ಯಾಚಿಂಗ್' ಎಂದು ಆರಂಭವಾಗುವ ದೂರು ಬಂದು ಸಂಪರ್ಕ ಕಡಿಯುತ್ತದೆ. ಇಲ್ಲಿ ಯಾವ ಯಂತ್ರವೂ ಕೆಟ್ಟಿಲ್ಲ. ಅಜ್ಜ ಹಳೆಗನ್ನಡದಲ್ಲಿ ಮಾತಾಡುತ್ತಿದ್ದಾನೆ, ಮೊಮ್ಮಗ ಹೊಸಗನ್ನಡವನ್ನಷ್ಟೇ ಬಲ್ಲ, ಅಷ್ಟೇ.

ಹಾಗಾದರೆ ಹೊಸ ಗಣಕ ಹಳೆಯ ವಿಧಾನಗಳನ್ನು ಬಿಟ್ಟದ್ದಾದರೂ ಏಕೆ? ಕಾರಣ ಗಣಿತದಲ್ಲಿದೆ. ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್ಮನ್ 1976ರಲ್ಲಿ ಪ್ರಕಟಿಸಿದ ವಿಧಾನದಂತೆ ಇಬ್ಬರು ಬಹಿರಂಗವಾಗಿಯೇ ಸಂಖ್ಯೆಗಳನ್ನು ವಿನಿಮಯ ಮಾಡಿಕೊಂಡು ಒಂದು ಗುಟ್ಟಿನ ಸಂಖ್ಯೆಗೆ ತಲುಪಬಹುದು. ಅದರ ಬಲ ನಿಂತಿರುವುದು ಒಂದು ದೊಡ್ಡ ಅವಿಭಾಜ್ಯ ಸಂಖ್ಯೆಯ ಮೇಲೆ. ಹಳೆಯ ಸರ್ವರ್‌ಗಳು ಬಳಸುವ 'ಗ್ರೂಪ್ 1' ಎಂಬ ಬಗೆಯಲ್ಲಿ ಆ ಸಂಖ್ಯೆಯ ಅಳತೆ 1024 ಬಿಟ್, ಅಂದರೆ ಸುಮಾರು 309 ಅಂಕಿಗಳು. ಒಂದು ಕಾಲಕ್ಕೆ ಅದು ಸಾಕಾಗಿತ್ತು. 2015ರಲ್ಲಿ 'ಲಾಗ್‌ಜಾಮ್' ಎಂಬ ಅಧ್ಯಯನ ನಡೆಸಿದ ಸಂಶೋಧಕರು, ದೊಡ್ಡ ಸರ್ಕಾರಗಳ ಗಣಕಬಲಕ್ಕೆ ಈ ಅಳತೆ ಸಿಕ್ಕಬಹುದೆಂದು ಲೆಕ್ಕಹಾಕಿ ತೋರಿಸಿದರು. ಅದೇ ವರ್ಷ ಆಗಸ್ಟ್‌ನಲ್ಲಿ ಬಂದ ಓಪನ್‌ಎಸ್‌ಎಸ್‌ಎಚ್ 7.0, 'ಗ್ರೂಪ್ 1' ವಿಧಾನವನ್ನೂ ಡಿಎಸ್‌ಎ ಎಂಬ ಹಳೆಯ ಬಗೆಯ ಕೀಲಿಗಳನ್ನೂ ತಾನಾಗಿ ಬಳಸುವುದನ್ನು ನಿಲ್ಲಿಸಿತು. 2017ರ ಫೆಬ್ರವರಿಯಲ್ಲಿ ಆಂಸ್ಟರ್‌ಡ್ಯಾಮಿನ ಸಿಡಬ್ಲ್ಯುಐ ಸಂಸ್ಥೆ ಮತ್ತು ಗೂಗಲ್‌ನ ಸಂಶೋಧಕರು, 'ಷಾ 1' ಎಂಬ ಬೆರಳಚ್ಚು ವಿಧಾನದಲ್ಲಿ ಎರಡು ಬೇರೆಬೇರೆ ಕಡತಗಳಿಗೆ ಒಂದೇ ಬೆರಳಚ್ಚು ಬರುವುದನ್ನು ಮಾಡಿ ತೋರಿಸಿದರು. 2021ರ ಸೆಪ್ಟೆಂಬರ್‌ನ 8.8 ಆವೃತ್ತಿ 'ಷಾ 1' ಆಧರಿಸಿದ ಆರ್‌ಎಸ್‌ಎ ಸಹಿಗಳನ್ನೂ ಬದಿಗಿಟ್ಟಿತು. 2025ರ ಏಪ್ರಿಲ್‌ನ 10.0 ಆವೃತ್ತಿಯಲ್ಲಿ ಡಿಎಸ್‌ಎ ಸಂಪೂರ್ಣವಾಗಿ ಹೊರಟೇಹೋಯಿತು.

ನಿನ್ನೆಯವರೆಗೆ ನಡೆಯುತ್ತಿದ್ದದ್ದು ಇಂದು ನಿಂತಿತೆಂದು ನೀವು ಸರ್ವರ್ ಮೇಲೆ ಸಂಶಯಪಡುತ್ತೀರಿ. ಅದು ಮಾತ್ರ ಇದ್ದಲ್ಲಿಯೇ ಇದೆ, ಬದಲಾದದ್ದು ನಿಮ್ಮ ಗಣಕ.

ಪರಿಹಾರವೇನು? ಸರ್ವರ್‌ನ ತಂತ್ರಾಂಶವನ್ನು ಹೊಸದು ಮಾಡುವುದು ಸರಿಯಾದ ದಾರಿ. ಆದರೆ ನಮ್ಮ ಉದಾಹರಣೆಯಲ್ಲಿ ಡಿಸ್ಕ್ ಸದ್ದು ಮಾಡುತ್ತಿದೆ, ಅದರ ಮೇಲೆ ಹೊಸ ಹೊರೆ ಹಾಕುವುದು ಅಪಾಯ. ಆಗ ಹಳೆಯ ವಿಧಾನಕ್ಕೆ ತಾತ್ಕಾಲಿಕ ಅನುಮತಿ ಕೊಡಬಹುದು. ಹೇಗೆ ಕೊಡಬೇಕೆಂಬುದು ಬಹಳ ಮುಖ್ಯ. ನಿಮ್ಮ ಎಸ್‌ಎಸ್‌ಎಚ್ ಸಂರಚನಾ ಕಡತದಲ್ಲಿ 'ಹೋಸ್ಟ್' ಎಂದು ಆ ಒಂದು ಸರ್ವರ್‌ನ ಹೆಸರನ್ನಷ್ಟೇ ಬರೆದು, ಅದರ ಕೆಳಗೆ, ದೂರಿನಲ್ಲಿ ಕಾಣಿಸಿದ ವಿಧಾನದ ಹೆಸರನ್ನು ಕೂಡು ಚಿಹ್ನೆಯೊಂದಿಗೆ ಸೇರಿಸಬೇಕು. ಕೂಡು ಚಿಹ್ನೆ ಇದ್ದರೆ ಇರುವ ಪಟ್ಟಿಗೆ ಅದು ಸೇರುತ್ತದೆ. ಇಲ್ಲದಿದ್ದರೆ ಇಡೀ ಪಟ್ಟಿಯ ಜಾಗದಲ್ಲಿ ಅದೊಂದೇ ಕುಳಿತುಬಿಡುತ್ತದೆ. ಎಲ್ಲ ಸರ್ವರ್‌ಗಳಿಗೂ ಅನ್ವಯಿಸುವಂತೆ ಎಂದೂ ಬರೆಯಬೇಡಿ. ಒಬ್ಬ ಅಜ್ಜನಿಗಾಗಿ ಹಿತ್ತಲಬಾಗಿಲು ತೆರೆಯಬಹುದು, ಊರಿಗೆಲ್ಲ ತೆರೆದಿಡಬಾರದು. ಸಾಧ್ಯವಾದರೆ ಎರಡೂ ಯಂತ್ರಗಳನ್ನು ಹೊರಜಾಲದಿಂದ ಬೇರ್ಪಡಿಸಿ, ನಡುವೆ ಒಂದೇ ಕೇಬಲ್ ಹಾಕಿ ಕೆಲಸ ಮಾಡಿ. ಕೆಲಸ ಮುಗಿದ ದಿನವೇ ಆ ಸಾಲುಗಳನ್ನು ಅಳಿಸಿ.

ಮೂರನೆಯ ಹಂತ, ಸರ್ವರ್‌ನ ಗುರುತು. ಮೊದಲ ಬಾರಿ ಸಂಪರ್ಕಿಸಿದಾಗ ಸರ್ವರ್‌ನ ಕೀಲಿಯ ಬೆರಳಚ್ಚನ್ನು ತೋರಿಸಿ "ಮುಂದುವರಿಯಲೇ?" ಎಂದು ಕೇಳಲಾಗುತ್ತದೆ. ಒಪ್ಪಿದರೆ ನಿಮ್ಮ ಗಣಕ ಅದನ್ನು ನೆನಪಿಟ್ಟುಕೊಳ್ಳುತ್ತದೆ. ಮುಂದೊಂದು ದಿನ ಗುರುತು ಬದಲಾಗಿದ್ದರೆ ದೊಡ್ಡ ಅಕ್ಷರಗಳಲ್ಲಿ ಎಚ್ಚರಿಕೆ ಬರುತ್ತದೆ. ಹೆಚ್ಚಿನವರು ಇದನ್ನು ಕಿರಿಕಿರಿ ಎಂದು ಭಾವಿಸಿ ನೆನಪಿನ ಕಡತವನ್ನೇ ಅಳಿಸಿಹಾಕುತ್ತಾರೆ. ಸರ್ವರ್‌ಗೆ ಹೊಸದಾಗಿ ತಂತ್ರಾಂಶ ಹಾಕಿದ್ದರೆ ಬದಲಾವಣೆ ಸಹಜ. ಆದರೆ ನಡುವೆ ಇನ್ನೊಬ್ಬ ಕುಳಿತು ತಾನೇ ಸರ್ವರ್ ಎಂದು ನಟಿಸುತ್ತಿದ್ದರೂ ಬರುವುದು ಇದೇ ಎಚ್ಚರಿಕೆ. ಸರ್ವರ್ ಇರುವ ಕೋಣೆಗೇ ಹೋಗಿ, ಅದರ ಕೀಲಿಯ ಬೆರಳಚ್ಚನ್ನು ಅಲ್ಲಿಯೇ ನೋಡಿ, ಹೋಲಿಸಿ, ಆಮೇಲೆ ಒಪ್ಪಿ. ಹಳೆಯ ಯಂತ್ರಗಳು ಬೆರಳಚ್ಚನ್ನು ಎಂಡಿ5 ಎಂಬ ರೂಪದಲ್ಲಿ ತೋರಿಸುತ್ತವೆ, ಹೊಸವು ಷಾ 256 ರೂಪದಲ್ಲಿ. ಹೋಲಿಸುವ ಮೊದಲು ಎರಡೂ ಒಂದೇ ರೂಪದಲ್ಲಿರುವಂತೆ ಕೇಳಬೇಕು.

ನಾಲ್ಕನೆಯ ಹಂತ, ನಮ್ಮ ಗುರುತು. ಪಾಸ್‌ವರ್ಡ್ ಕೇಳಲು ಸರ್ವರ್ ಬಹಳ ಹೊತ್ತು ತಡಮಾಡಿದರೆ, ಅದು ನಿಮ್ಮ ಗಣಕದ ಅಂಕಿವಿಳಾಸಕ್ಕೆ ಹೆಸರು ಹುಡುಕುತ್ತಾ ಕುಳಿತಿರಬಹುದು. ಹಳೆಯ ಸರ್ವರ್‌ಗಳಲ್ಲಿ ಇದು ಸಾಮಾನ್ಯ. ಸರ್ವರ್‌ನ ಹೆಸರುಪಟ್ಟಿಯಲ್ಲಿ ನಿಮ್ಮ ಗಣಕವನ್ನು ಸೇರಿಸಿದರೆ ತಡ ತಪ್ಪುತ್ತದೆ.

ಪಾಸ್‌ವರ್ಡಿನ ಬದಲು ಕೀಲಿಜೋಡಿ ಬಳಸುತ್ತಿದ್ದು 'ಪರ್ಮಿಷನ್ ಡಿನೈಡ್' ಎಂದು ಬಂದರೆ, ಕೀಲಿಯನ್ನು ಬದಲಿಸುವ ಮೊದಲು ಅನುಮತಿಗಳನ್ನು ನೋಡಿ. ಸರ್ವರ್‌ನಲ್ಲಿರುವ ನಿಮ್ಮ ಮನೆಕೋಶದಲ್ಲಿ ಬೇರೆಯವರು ಬರೆಯಬಹುದಾಗಿದ್ದರೆ, ಆ ಕೋಶದೊಳಗಿನ ಕೀಲಿಯನ್ನು ಸರ್ವರ್ ನಂಬುವುದೇ ಇಲ್ಲ. ಎಸ್‌ಎಸ್‌ಎಚ್ ಕೋಶಕ್ಕೆ 700, ಕೀಲಿಪಟ್ಟಿಯ ಕಡತಕ್ಕೆ 600 ಎಂಬ ಅನುಮತಿ ಇದ್ದರೆ ಸರಿ. ನಿಮ್ಮ ಕಡೆ ಕಾಣುವುದು ಬರೀ ನಿರಾಕರಣೆ. ಕಾರಣ ಬರೆದಿರುವುದು ಸರ್ವರ್‌ನ ದಿನಚರಿಯಲ್ಲಿ. ಆದ್ದರಿಂದ ಎರಡೂ ಕಡೆಯ ವರದಿ ಓದುವ ಅಭ್ಯಾಸ ಮಾಡಿಕೊಳ್ಳಿ. ಪಾಸ್‌ವರ್ಡಿನ ಅವಧಿ ಮುಗಿದಿದ್ದರೂ ಎಸ್‌ಎಫ್‌ಟಿಪಿ ಕಡಿದುಹೋಗಬಹುದು, ಏಕೆಂದರೆ ಹೊಸ ಪಾಸ್‌ವರ್ಡ್ ಕೇಳಲು ಅದರಲ್ಲಿ ಅವಕಾಶವಿಲ್ಲ.

ಇನ್ನೊಂದು ಸಂಗತಿ. ಯುನಿಕ್ಸ್‌ನ ಸಾಂಪ್ರದಾಯಿಕ ವಿಧಾನದಲ್ಲಿ ಪಾಸ್‌ವರ್ಡಿನ ಮೊದಲ 8 ಅಕ್ಷರಗಳು ಮಾತ್ರ ಲೆಕ್ಕಕ್ಕೆ ಬರುತ್ತವೆ. ನೀವು 20 ಅಕ್ಷರ ಟೈಪ್ ಮಾಡಿದರೂ ಉಳಿದ 12ನ್ನು ಯಾರೂ ನೋಡುವುದಿಲ್ಲ. ಹಳೆಯ ಸರ್ವರ್‌ನ ಪಾಸ್‌ವರ್ಡನ್ನೇ ಬೇರೆ ಕಡೆಯೂ ಇಟ್ಟುಕೊಳ್ಳುವುದು ಎಷ್ಟು ಅಪಾಯ ಎಂಬುದನ್ನು ಇದರಿಂದ ಊಹಿಸಿಕೊಳ್ಳಿ. ಎಫ್‌ಟಿಪಿ ತೆರೆಯೋಣ ಎಂದವರಿಗೆ ಉತ್ತರವೂ ಇಲ್ಲಿಯೇ ಇದೆ. ಮಳೆಯ ಲೆಕ್ಕ ಗುಟ್ಟಲ್ಲ, ಒಪ್ಪಿಕೊಳ್ಳೋಣ. ಆದರೆ ಅದರ ಜೊತೆ ತಂತಿಯ ಮೇಲೆ ಹೋಗುವ ಪಾಸ್‌ವರ್ಡ್ ಗುಟ್ಟು. ಅದು ಸಿಕ್ಕವನಿಗೆ ಲೆಕ್ಕವನ್ನು ತಿದ್ದಲೂ ಅಳಿಸಲೂ ಅಧಿಕಾರ ಸಿಕ್ಕಂತೆ.

ಐದನೆಯ ಹಂತ, ಕಡತಸೇವೆ. ಎಸ್‌ಎಸ್‌ಎಚ್ ಮೂಲಕ ಒಳಹೋಗಲು ಬರುತ್ತದೆ, ಎಸ್‌ಎಫ್‌ಟಿಪಿ ಮಾತ್ರ ಆಗುವುದಿಲ್ಲ ಎಂದರೆ ಮೊದಲ ನಾಲ್ಕು ಹಂತಗಳೂ ಸರಿಯಾಗಿವೆ ಎಂದಾಯಿತು. ಆಗ ಎರಡು ಸಂಗತಿ ನೋಡಬೇಕು. ಒಂದು, ಸರ್ವರ್‌ನ ಸಂರಚನೆಯಲ್ಲಿ ಎಸ್‌ಎಫ್‌ಟಿಪಿ ಸೇವೆಯ ದಾರಿ ಸರಿಯಾಗಿ ಬರೆದಿದೆಯೇ? ಒಂದೊಂದು ಯುನಿಕ್ಸ್‌ನಲ್ಲಿ ಅದು ಒಂದೊಂದು ಕೋಶದಲ್ಲಿರುತ್ತದೆ. ಇನ್ನೊಂದು ಕಾರಣ ಬಹಳ ಸ್ವಾರಸ್ಯದ್ದು. 'ರಿಸೀವ್ಡ್ ಮೆಸೇಜ್ ಟೂ ಲಾಂಗ್ 1466264675' ಎಂಬ ದೂರು ಬಂತು ಎನ್ನಿ. ಸುಮಾರು 147 ಕೋಟಿ ಬೈಟ್‌ಗಳ ಸಂದೇಶವೇ? ಮಳೆಯ ಲೆಕ್ಕದಲ್ಲಿ ಅಷ್ಟು ಎಲ್ಲಿಂದ ಬಂತು?

ಕಾಗದ, ಪೆನ್ಸಿಲ್ ತೆಗೆದುಕೊಳ್ಳಿ. ಎಸ್‌ಎಫ್‌ಟಿಪಿಯಲ್ಲಿ ಪ್ರತಿ ಸಂದೇಶದ ಮೊದಲ 4 ಬೈಟ್‌ಗಳು ಆ ಸಂದೇಶದ ಉದ್ದವನ್ನು ಹೇಳುತ್ತವೆ. ಈ ಸಂಖ್ಯೆಯನ್ನು 256ರಿಂದ ಮತ್ತೆ ಮತ್ತೆ ಭಾಗಿಸಿ ಶೇಷಗಳನ್ನು ಬರೆದುಕೊಳ್ಳಿ. ಕೊನೆಯಿಂದ ಓದಿದರೆ ಸಿಗುವುದು 87, 101, 108, 99. ಆಸ್ಕಿ ಪಟ್ಟಿಯಲ್ಲಿ ನೋಡಿದರೆ ಇವು ಇಂಗ್ಲಿಷಿನ ದೊಡ್ಡ ಡಬ್ಲ್ಯು, ಸಣ್ಣ ಇ, ಎಲ್, ಸಿ. 'ವೆಲ್‌ಕಮ್' ಎಂಬ ಪದದ ಮೊದಲ ನಾಲ್ಕು ಅಕ್ಷರಗಳು! ಯಾರೋ ಒಬ್ಬರು ಬಳಕೆದಾರನ ಆರಂಭಕಡತದಲ್ಲಿ ಸ್ವಾಗತವಾಕ್ಯ ಬರೆದಿಟ್ಟಿದ್ದಾರೆ. ಮನುಷ್ಯರು ಒಳಬಂದರೆ ಅದು ಸೌಜನ್ಯ. ಆದರೆ ಸಂಖ್ಯೆಯನ್ನು ಕಾಯುತ್ತಿದ್ದ ಯಂತ್ರ ಆ ಸ್ವಾಗತವನ್ನೇ ಸಂಖ್ಯೆಯೆಂದು ಓದಿ ಬೆಚ್ಚಿಬಿದ್ದಿದೆ. ಕೀಲಿಮಣೆಯ ಮುಂದೆ ಮನುಷ್ಯ ಇದ್ದಾಗ ಮಾತ್ರ ಸ್ವಾಗತ ಕಾಣುವಂತೆ ತಿದ್ದಿದರೆ ತೊಂದರೆ ನಿವಾರಣೆ. ದೋಷಸಂದೇಶವನ್ನು ಶಪಿಸದೆ ಓದಿದರೆ ಎಷ್ಟು ಹೇಳುತ್ತದೆ, ನೋಡಿ.

ಆರನೆಯ ಹಂತ, ಕಡತ ಬರುವುದು. ಬಂದ ಕೂಡಲೇ ಕೆಲಸ ಮುಗಿಯಲಿಲ್ಲ. ನಮ್ಮ ಗಣಕದಲ್ಲಿ ಜಾಗ ಸಾಲದೆ ಕಡತ ಅರ್ಧದಲ್ಲೇ ನಿಂತಿರಬಹುದು, ಹಳೆಯ ಡಿಸ್ಕ್ ನಡುವೆ ಕೈಕೊಟ್ಟಿರಬಹುದು. 'ಸಿಕೆಸಮ್' ಎಂಬ ಆದೇಶ ಹಳೆಯ ಯುನಿಕ್ಸ್‌ನಲ್ಲೂ ಇದೆ, ಹೊಸ ಲಿನಕ್ಸ್‌ನಲ್ಲೂ ಇದೆ. ಅದು ಕಡತದ ತಾಳೆಸಂಖ್ಯೆಯನ್ನೂ ಒಟ್ಟು ಬೈಟ್‌ಗಳನ್ನೂ ಹೇಳುತ್ತದೆ. ಎರಡೂ ಕಡೆ ನಡೆಸಿ, ತಾಳೆ ನೋಡಿ. ಬ್ಯಾಂಕಿನ ಗುಮಾಸ್ತರು ಸಂಜೆ ಲೆಕ್ಕ ಕೂಡಿಸಿ ತಾಳೆ ನೋಡುವಂತೆ. ಎಲ್ಲ ಕಡತಗಳೂ ತಾಳೆಯಾದ ಮೇಲೆ, ಎರಡು ಬೇರೆ ಬೇರೆ ಕಡೆ ಪ್ರತಿ ಇಟ್ಟ ಮೇಲೆ, ಹಳೆಯ ಯಂತ್ರಕ್ಕೆ ವಿಶ್ರಾಂತಿ ಕೊಡಿ. ಅದಕ್ಕೆ ಮೊದಲು ಬೇಡ.

ಮಿತ್ರರೇ, ಈ ಆದೇಶಗಳ ಹೆಸರುಗಳನ್ನು ಬಾಯಿಪಾಠ ಮಾಡಬೇಕಿಲ್ಲ. ಮುಂದೆ ಅವು ಬದಲಾಗುತ್ತವೆ. ಇಂದು ನಾವು ಹೊಸದೆನ್ನುವ ಗಣಕವೂ ಒಂದು ದಿನ ಹಳೆಯದಾಗಿ, ಯಾವುದೋ ಕಾಲೇಜಿನ ಮೂಲೆಯಲ್ಲಿ ಕುಳಿತಿರುತ್ತದೆ. ನೆನಪಿಡಬೇಕಾದದ್ದು ಮೂರು ಮಾತು. ಸಂಭಾಷಣೆ ಯಾವ ಹಂತದಲ್ಲಿ ನಿಂತಿತು ಎಂದು ಮೊದಲು ಕಂಡುಕೊಳ್ಳಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಬದಲಿಸಿದ್ದನ್ನು ಬರೆದಿಡಿ. ಕೆಲಸ ಸಾಗಲೆಂದು ಬೀಗವನ್ನು ಸಡಿಲಿಸಿದರೆ, ಯಾರಿಗಾಗಿ, ಎಷ್ಟು ದಿನಕ್ಕಾಗಿ ಎಂಬುದನ್ನು ಮೊದಲೇ ನಿಶ್ಚಯಿಸಿಕೊಳ್ಳಿ.

ನಿಮ್ಮ ಕಾಲೇಜಿನಲ್ಲಿ ಅಂಥ ಹಳೆಯ ಯಂತ್ರವೊಂದು ಇದ್ದರೆ, ಅದರಲ್ಲಿ ಏನಿದೆ, ಅದರ ಪ್ರತಿ ಬೇರೆಲ್ಲಾದರೂ ಇದೆಯೇ ಎಂದು ಈ ವಾರವೇ ನಿಮ್ಮ ಅಧ್ಯಾಪಕರನ್ನು ಕೇಳಿ. ಅವರ ಒಪ್ಪಿಗೆ ಪಡೆದು, ಅವರ ಜೊತೆಯಲ್ಲಿಯೇ ಕುಳಿತು ಮೊದಲ ಹಂತದಿಂದ ಆರಂಭಿಸಿ.